ಐದನೇ ಮಹಡಿಯ ಐದು ಅಪರಿಚಿತರು

ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾಗಿ ಎಂದು ಕೇಳಿದಾಗ ಯಾರೂ ಒಪ್ಪಲಿಲ್ಲ. ನನ್ನ ಗಂಡ ಬಹ್ಗತ್ ಅವರನ್ನು ಯಾರೂ ಕೇಳಲೇ ಇಲ್ಲ. ಆದ್ದರಿಂದ ಅವರು ಅಧ್ಯಕ್ಷರಾದರು. ಮೊದಲ ಕೆಲಸವಾಗಿ ಲಿಫ್ಟಿನೊಳಗೆ ತಮ್ಮ ಹೆಸರಿನ ಫಲಕ ಹಾಕಿಸಿದರು, ಲಿಫ್ಟಿನ ಗುಂಡಿಯನ್ನು ತಾವೇ ಒತ್ತಿ ಉದ್ಘಾಟಿಸಿದರು. ಲಿಫ್ಟು ನಡುವೆ ನಿಂತಿದ್ದು ಮತ್ತೆ ಮೇಲೇಳಲಿಲ್ಲ. ಹೀಗಾಗಿ ಆ ಫಲಕವನ್ನು ಓದುವ ಭಾಗ್ಯ, ಆಗ ಜೊತೆಯಲ್ಲಿದ್ದ ದಂತವೈದ್ಯ ವಜ್ದಿಯವರಿಗೆ ಮಾತ್ರ ಒದಗಿತು. ಬಾಗಿಲು ಮುರಿಯುವವರು ಬರುವ ತನಕ ಓದಿದರಂತೆ.

ಮನ್ಸೂರಾ ಪಟ್ಟಣದ ಈ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಸೇರಿ ಇಂಟರ್ನೆಟ್ಟಿನ ಒಂದೇ ಸಂಪರ್ಕ. ಅದು ಸಂಘದ ಹೆಸರಿನಲ್ಲಿದೆ. ಮಹಡಿಗೊಂದು ವೈಫೈ ಪೆಟ್ಟಿಗೆ ತೂಗುಹಾಕಿದ್ದಾರೆ. ತಿಂಗಳಿಗೆ ಇಷ್ಟೇ ಎಂದು ಕೋಟಾ. ಆ ಕೋಟಾ ತಿಂಗಳ ನಡುವೆಯೇ ಮುಗಿದುಹೋಗುತ್ತದೆ. ಮುಗಿದ ದಿನ ಮೆಟ್ಟಿಲಲ್ಲಿ ಎದುರಾದವರು ಒಬ್ಬರ ಮುಖವನ್ನೊಬ್ಬರು ಪಕ್ಕದ ಮನೆಯ ಕೋಳಿ ಕಾಣೆಯಾದಾಗ ನೋಡುವ ಹಾಗೆ ನೋಡುತ್ತಾರೆ. ಯಾರು ತಿಂದರು ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗಾಗಿಯೇ ನನ್ನ ಗಂಡ ಹುಟ್ಟಿದ್ದರು. ನಿವೃತ್ತಿಯಾಗುವ ತನಕ ಅವರು ನೀರು ಸರಬರಾಜಿನ ಮೀಟರು ವಿಭಾಗದಲ್ಲಿದ್ದರು. ಪ್ರತಿ ಮೀಟರಿಗೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ಮನೆ, ಪ್ರತಿ ಮನೆಯಲ್ಲೂ ಒಬ್ಬ ಕಳ್ಳ: ಜೀವನದ ಬಗ್ಗೆ ಅವರು ತಿಳಿದುಕೊಂಡಿದ್ದು ಇಷ್ಟು. ಕಾಲೇಜೊಂದರಲ್ಲಿ ಕಂಪ್ಯೂಟರು ಜಾಲ ನೋಡಿಕೊಳ್ಳುತ್ತಿದ್ದ ಹಳೆಯ ಗೆಳೆಯನೊಬ್ಬ ಕಾಫಿ ಅಂಗಡಿಯಲ್ಲಿ ಒಂದು ಪೆನ್‌ಡ್ರೈವ್ ಕೊಟ್ಟ. ಅದರಲ್ಲಿದ್ದ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಹಾಕಿದರೆ, ಜಾಲದಲ್ಲಿರುವ ಪ್ರತಿ ಯಂತ್ರವೂ ತನ್ನ ಹಾರ್ಡ್‌ವೇರ್ ಅಡ್ರೆಸ್ಸಿನ ಸಮೇತ ಪರದೆಯ ಮೇಲೆ ಸಾಲಾಗಿ ನಿಲ್ಲುತ್ತದೆ; ಯಾವ ಮಹಡಿಯ ಪೆಟ್ಟಿಗೆಗೆ ಜೋತುಬಿದ್ದಿದೆ ಎಂಬುದೂ ಪಕ್ಕದಲ್ಲೇ ಕಾಣುತ್ತದೆ. ಬೇಡವಾದವರ ಮೇಲೆ ಒತ್ತಿ ಸಂಪರ್ಕ ಕತ್ತರಿಸಲು ಒಂದು ಕೆಂಪು ಗುಂಡಿಯೂ ಇದೆ.

"ನೋಡು ನಜ್ವಾ," ಎಂದರು ನನ್ನ ಗಂಡ. ಕನ್ನಡಕ ಹಣೆಯ ಮೇಲೇರಿತ್ತು. "ಯಂತ್ರ ತಯಾರಾಗುವಾಗ್ಲೇ ಕಾರ್ಖಾನೇಲಿ ಒಂದು ನಂಬರು ಕೆತ್ತಿಬಿಡ್ತಾರೆ. ಹುಟ್ಟುನಂಬರು. ಹೆಸರು ಬದಲಾಯಿಸ್ಬಹುದು, ಮನೆ ಬದಲಾಯಿಸ್ಬಹುದು. ಹುಟ್ಟುನಂಬರು ಬದಲಾಗಲ್ಲ. ಇನ್ಮೇಲೆ ನನ್ನ ಕಣ್ಣು ತಪ್ಪಿಸಿ ಈ ಕಟ್ಟಡದಲ್ಲಿ ಒಂದು ಸೊಳ್ಳೆ ಕೂಡ ಇಂಟರ್ನೆಟ್ ಕುಡಿಯೋ ಹಾಗಿಲ್ಲ."

ಕಾವಲುಗಾರ ಗಾಬರ್ ಲ್ಯಾಪ್‌ಟಾಪನ್ನು ನೋಡಿ, "ಸಂಪೂರ್ಣ ಎಂಜಿನಿಯರ್ ಸಾಹೇಬ್ರೇ ಆಗ್ಬಿಟ್ರಿ," ಎಂದ. ಗಾಬರ್ ಬಲ್ಬು ಬದಲಾಯಿಸುವವನನ್ನೂ ಎಂಜಿನಿಯರ್ ಸಾಹೇಬ್ರೇ ಎಂದೇ ಕರೆಯುತ್ತಾನೆ. ಆದರೆ ನನ್ನ ಗಂಡ ಅಂದಿನಿಂದ ಫೋನು ಎತ್ತಿ, "ಹೇಳಿ, ಎಂಜಿನಿಯರ್ ಬಹ್ಗತ್," ಎನ್ನತೊಡಗಿದರು.

ಆ ಲ್ಯಾಪ್‌ಟಾಪು ನನಗೆ ಬೇಡವೆನಿಸಿದ್ದು ಆಗಲೇ. ಕಾರಣವಿತ್ತು.

ನಮಗೆ ಒಬ್ಬಳೇ ಮಗಳು, ರಬಾಬ್. ಔಷಧದಂಗಡಿಯಲ್ಲಿ ಕೆಲಸ. ಮದುವೆ ಗೊತ್ತಾಗಿತ್ತು, ದಿನ ಗೊತ್ತಾಗಿರಲಿಲ್ಲ. ಹುಡುಗನ ತಾಯಿ ಹಜ್ ಮುಗಿಸಿ ಬಂದವರು, ಎಲ್ಲರಿಗೂ ಹಾಗ್ಗಾ ಸನಿಯ್ಯಾ. ಮಗನ ಹೊಸ ಮನೆಯ ಬಣ್ಣ ಒಣಗಲಿ ಎಂದು ಅವರು ಚಳಿಗಾಲದಿಂದ ದಿನ ಮುಂದೂಡುತ್ತಿದ್ದರು. ಇದಕ್ಕೆ ಮೊದಲು ಒಂದು ಹುಡುಗಿಯ ಮನೆಯ ಮೇಲೆ ಏನೋ ಮಾತು ಬಂತೆಂದು ಗೊತ್ತಾದ ಮದುವೆಯನ್ನೇ ಮುರಿದಿದ್ದರು. ನಮ್ಮ ಕಡೆಯಿಂದ ಏನೂ ಹೆಚ್ಚುಕಡಿಮೆಯಾಗಬಾರದು ಎಂಬುದೊಂದೇ ನನ್ನ ಧ್ಯಾನ.

ಮದುವೆಯೆಂದರೆ ಹೆಣ್ಣಿನ ಕಡೆಯವರು ಮನೆಬಳಕೆಯ ಯಂತ್ರಗಳನ್ನೆಲ್ಲ ಕೊಡಬೇಕು. ನಾನು ವರ್ಷಗಳಿಂದ ಒಂದೊಂದಾಗಿ ಕೊಂಡಿಟ್ಟಿದ್ದೆ. ಕೊಳ್ಳುವುದಲ್ಲ ಕಷ್ಟ, ಬಚ್ಚಿಡುವುದು. ನನ್ನ ಗಂಡನ ಅಕ್ಕ ತಫೀದಾ ನಮ್ಮ ಕೆಳಗಿನ ಮನೆಯಲ್ಲೇ ಇದ್ದಾರೆ. ಬಾಗಿಲು ಬಡಿಯದೆ ಬರುತ್ತಾರೆ, ಕೇಳದೆ ಬೀರು ತೆಗೆಯುತ್ತಾರೆ. ಅವರ ಕಣ್ಣಿನ ಬಗ್ಗೆ ನಾನು ಹೇಳುವುದಿಲ್ಲ, ನಾನು ಕಾಲೇಜಿನಲ್ಲಿ ಓದಿದವಳು. ಅವರು ಒಂದು ಮನೆಯ ಗಾಜಿನ ತೂಗುದೀಪವನ್ನು ಹೊಗಳಿದ ಮಾರನೆಯ ದಿನ ಅದು ಊಟದ ಮೇಜಿನ ಮೇಲೆ ಬಿದ್ದಿತ್ತು ಎಂಬುದನ್ನು ಮಾತ್ರ ಹೇಳುತ್ತೇನೆ. ಬೇರೆಯವರು ಒಂದು ವಸ್ತುವನ್ನು ಮೆಚ್ಚಿದರೆ ಕೂಡಲೇ "ಮಾಶಾಅಲ್ಲಾ" ಎನ್ನುತ್ತಾರೆ, ಆ ಮಾತಿನಿಂದ ದೃಷ್ಟಿ ಅಲ್ಲೇ ಕಳೆದುಹೋಗುತ್ತದೆ. ತಫೀದಾ ಮೆಚ್ಚುತ್ತಾರೆ, ಆ ಮಾತನ್ನು ಮರೆಯುತ್ತಾರೆ.

ಗಂಡನಿಗೆ ಹೇಳಿದರೆ ಅಕ್ಕನಿಗೆ ಹೇಳಿದಂತೆಯೇ. ಆದ್ದರಿಂದ ಇಬ್ಬರಿಗೂ ಹೇಳದೆ, ಎಲ್ಲ ಸಾಮಾನನ್ನೂ ಐದನೇ ಮಹಡಿಯ ಇನ್ಸಾಫ್ ಟೀಚರ ಮನೆಯಲ್ಲಿಟ್ಟಿದ್ದೆ. ಅವರು ವಿಧವೆ, ನಿವೃತ್ತ ಭೂಗೋಳದ ಟೀಚರು, ಒಬ್ಬರೇ ಇರುವವರು. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಗ್ರಂಥದ ಮೇಲೆ ಕೈಯಿಟ್ಟು ಆಣೆ ಮಾಡಿದ್ದರು. ಗಾಬರ್ ಪೆಟ್ಟಿಗೆಗಳಿಗೆ ಹಾಸಿಗೆಯ ಹೊದಿಕೆ ಸುತ್ತಿ ಹೊತ್ತೊಯ್ದಿದ್ದ. ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು, ಟೀವಿ, ಎಣ್ಣೆಯಿಲ್ಲದೆ ಕರಿಯುವ ಯಂತ್ರ, ತಾನಾಗಿ ಓಡಾಡಿ ಕಸ ಗುಡಿಸುವ ಒಂದು ದುಂಡನೆಯ ಯಂತ್ರ. ಎಲ್ಲವೂ ಹೊಸ ಕಾಲದವು. ವೈಫೈಗೆ ಜೋಡಿಸಿ ನೋಂದಾಯಿಸದಿದ್ದರೆ ಗ್ಯಾರಂಟಿ ಇಲ್ಲ ಎಂದಿದ್ದ ಅಂಗಡಿಯವನು. ರಬಾಬಳೇ ಹೋಗಿ ಐದನ್ನೂ ಜೋಡಿಸಿ ಬಂದಿದ್ದಳು. ಆಮೇಲೆ ಮತ್ತೆ ಆರಿಸಿ, ಹೊದಿಕೆ ಹೊದಿಸಿಡುವುದೆಂದು ಮಾತು.

ಇನ್ಸಾಫ್ ಟೀಚರು ಆರಿಸಲಿಲ್ಲ. "ಯಂತ್ರ ಅಂದ್ರೆ ಕುದುರೆ ಇದ್ದ ಹಾಗೆ ನಜ್ವಾ. ಕಟ್ಟಿಹಾಕಿದ್ರೆ ಕಾಲು ಹಿಡ್ಕೊಳ್ಳತ್ತೆ," ಎಂದರು. ನನ್ನ ಮಗಳ ಯಂತ್ರಗಳ ಕಾಲು ಹಿಡಿಯದಿರಲೆಂದು ಅವರು ದಿನವೂ ಬಟ್ಟೆ ಒಗೆಯುತ್ತಿದ್ದರು, ಮೀನು ಕರಿಯುತ್ತಿದ್ದರು, ಧಾರಾವಾಹಿ ನೋಡುತ್ತಿದ್ದರು.

ಇತ್ತ ನನ್ನ ಗಂಡ ಮನೆಮನೆ ಸಮೀಕ್ಷೆ ಶುರುಮಾಡಿದರು. ಮೀಟರು ಓದಲು ಹೋಗುತ್ತಿದ್ದಾಗಿನ ಹಳೆಯ ಚರ್ಮದ ಚೀಲ ಹೆಗಲಿಗೆ ಬಂತು. ಬಾಗಿಲು ಬಡಿದು, "ಇರೋ ಯಂತ್ರ ಎಲ್ಲಾ ಹೊರಗೆ ತನ್ನಿ," ಎನ್ನುವುದು. ಫೋನಿನ ಹೊಟ್ಟೆಯೊಳಗೆ ಹೊಕ್ಕು ಹುಟ್ಟುನಂಬರು ಹುಡುಕಿ, ಕೆಳಗೆ ಬಂದು ಕಂಪ್ಯೂಟರಿಗೆ ಹೆಸರು ಸಮೇತ ತುಂಬುವುದು. ಕಟ್ಟಡದ ಜನ ಮೊದಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಪಕ್ಕದ ಮನೆಯವರ ಯಂತ್ರ ಎಷ್ಟೆಂದು ಗುಟ್ಟಾಗಿ ಕೇಳತೊಡಗಿದರು. ಅಧಿಕಾರವೆಂಬುದು ಹೀಗೆಯೇ ಬೇರೂರುತ್ತದೆ.

ಮೊದಲು ಸಿಕ್ಕಿಬಿದ್ದವರು ಡಾಕ್ಟರ್ ವಜ್ದಿ. ಮೊದಲ ಮಹಡಿಯಲ್ಲಿ ಅವರ ಕ್ಲಿನಿಕ್ಕು. ಹೆಂಡತಿ ಗಿಲಾನ್ ಹೊರಗೆ ಕೂತು ರೋಗಿಗಳ ಸರದಿ ನೋಡಿಕೊಳ್ಳುತ್ತಾಳೆ. ನನ್ನ ಗಂಡ ನೇರ ಒಳಗೆ ಹೋದರು. ಕುರ್ಚಿಯಲ್ಲಿ ರೋಗಿಯೊಬ್ಬ ಬಾಯಿ ತೆರೆದು ಮಲಗಿದ್ದ. ನನ್ನನ್ನು ಚೀಲ ಹಿಡಿದುಕೊಳ್ಳಲು ಕರೆದೊಯ್ದಿದ್ದರಿಂದ ಎಲ್ಲವನ್ನೂ ಕಣ್ಣಾರೆ ಕಂಡೆ.

"ಡಾಕ್ಟ್ರೇ, ನಿಮ್ಮ ಫೋನುಗಳನ್ನ ತೋರ್ಸಿ."

"ಮೊನ್ನೆ ಬರ್ಕೊಂಡು ಹೋದ್ರಲ್ಲ ಉಸ್ತಾದ್. ಇರೋದೊಂದೇ."

"ಮೊನ್ನೆ ಬರ್ಕೊಂಡಿದ್ದು ಮಾಯ ಆಗಿದೆ. ಅದರ ಬದ್ಲು ನಿನ್ನೆ ಒಂದು ಹೊಸದು ಬಂತು. ಇವತ್ತು ನಿಮ್ಮ ಮಹಡೀಲಿ ಮತ್ತೊಂದು. ಒಟ್ಟು ಎಷ್ಟು ಇಟ್ಕೊಂಡಿದೀರಿ?"

ಹೊರಗೆ ಗಿಲಾನಳ ಕುರ್ಚಿ ಕಿರ್ರೆಂದಿತು. ಅವಳು ಬಾಗಿಲಲ್ಲಿ ಬಂದು ನಿಂತಳು. "ಎಷ್ಟು ಏನು ಇಟ್ಕೊಂಡಿದಾರೆ?"

"ಅದು ಹೊಸ ಫೋನು ಕಣೆ," ಎಂದರು ಡಾಕ್ಟರು. ಕೈಯಲ್ಲಿ ಇಕ್ಕಳವಿತ್ತು. "ಈಗಿನ ಫೋನು ತನ್ನ ಅಡ್ರೆಸ್ಸನ್ನ ಆಗಾಗ ತಾನೇ ಬದ್ಲಾಯಿಸ್ಕೊಳ್ಳತ್ತೆ. ಯಾರೂ ಹಿಂದೆ ಬಿದ್ದು ಪತ್ತೆ ಹಚ್ಬಾರ್ದು ಅಂತ ಆ ವ್ಯವಸ್ಥೆ."

"ಯಾರು ಪತ್ತೆ ಹಚ್ಬಾರ್ದು ಅಂತ?"

ಈ ಪ್ರಶ್ನೆಗೆ ಯಾವ ಗಂಡಸೂ ಸರಿಯಾದ ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ. ಡಾಕ್ಟರು ಕೊಟ್ಟಿದ್ದು ಎಲ್ಲಕ್ಕಿಂತ ಕೆಟ್ಟದ್ದು: "ನೀನಲ್ಲ."

"ಹುಟ್ಟುನಂಬರು ಬದಲಾಗಲ್ಲ," ಎಂದು ನನ್ನ ಗಂಡ ತೀರ್ಪು ಕೊಟ್ಟರು. "ಮನುಷ್ಯ ಫೋನು ಬದಲಾಯಿಸ್ತಾನೆ, ಅಷ್ಟೆ."

ಗಿಲಾನ್ ಸಂಜೆಯೊಳಗೆ ನದಿಯಾಚೆ ತಲ್ಖಾದಲ್ಲಿರುವ ತಾಯಿಯ ಮನೆಗೆ ಹೋದಳು. ಬಾಯಿ ತೆರೆದು ಮಲಗಿದ್ದ ರೋಗಿ ಅದನ್ನು ಮುಚ್ಚುವ ಮೊದಲೇ ಸುದ್ದಿ ಬೀದಿ ತಲುಪಿತು. ಡಾಕ್ಟರಿಗೆ ಎರಡನೇ ಹೆಂಡತಿ ಇದ್ದಾಳೆ ಎಂದು ಬ್ರೆಡ್ಡಿನ ಸಾಲಿನಲ್ಲಿ ನಾನೇ ಕೇಳಿದೆ. ಸಾಲು ಮುಗಿಯುವಾಗ ಅವಳಿಗೆ ಇಬ್ಬರು ಮಕ್ಕಳಾಗಿದ್ದರು.

ಈ ಗೆಲುವಿನ ಮತ್ತು ಇಳಿಯುವ ಮೊದಲೇ ನನ್ನ ಗಂಡ ಒಂದು ಬೆಳಿಗ್ಗೆ ಬೇಯಿಸಿದ ಕಾಳಿನ ಫೂಲ್ ಬಟ್ಟಲನ್ನು ಪಕ್ಕಕ್ಕೆ ತಳ್ಳಿ, "ನಜ್ವಾ," ಎಂದು ಪಿಸುಗುಟ್ಟಿದರು. "ಐದನೇ ಮಹಡಿ. ಐದು ಅಪರಿಚಿತ ಯಂತ್ರ. ಇನ್ಸಾಫ್ ಟೀಚರ ಹತ್ರ ಇರೋದು ಒಂದು ಗುಂಡಿ ಫೋನು. ಅದಕ್ಕೆ ವೈಫೈ ಅಂದ್ರೇನು ಅಂತಾನೇ ಗೊತ್ತಿಲ್ಲ."

ನಾನು ಅವರ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದೆ. "ಯಂತ್ರ ತಪ್ಪು ತೋರಿಸ್ತಿರ್ಬಹುದು."

"ಯಂತ್ರ ಡಾಕ್ಟ್ರನ್ನೇ ಹಿಡಿದಿದೆ," ಎಂದರು ಅವರು.

ನಾನು ಮೇಲೆ ಓಡಿಹೋಗಿ ಎಲ್ಲವನ್ನೂ ಆರಿಸಿ ಬಂದೆ. ಅದು ನಾನು ಮಾಡಿದ ತಪ್ಪು. "ಐದೂ ಒಟ್ಟಿಗೆ ಮಾಯ," ಎಂದು ಗಂಡ ಎದ್ದು ನಿಂತರು. "ನಾನು ಬಾಯಿ ಬಿಟ್ಟು ಚಹಾ ಆರೋದ್ರೊಳಗೆ. ಇದು ಒಬ್ಬಿಬ್ಬರ ಕೆಲಸ ಅಲ್ಲ, ಸಂಘಟಿತ ಗುಂಪು. ಕಟ್ಟಡದಲ್ಲಿ ಅವರಿಗೆ ಸುದ್ದಿ ಕೊಡೋರು ಯಾರೋ ಇದಾರೆ." ಮಧ್ಯಾಹ್ನ ಇನ್ಸಾಫ್ ಟೀಚರು, ಫ್ರಿಜ್ಜಿನಲ್ಲಿಟ್ಟ ಮೊಲೊಖಿಯಾ ಸೊಪ್ಪು ಬಾಡುತ್ತದೆಂದು ಮತ್ತೆ ಎಲ್ಲವನ್ನೂ ಹಾಕಿದರು. "ನಮಾಜಿಗೆ ಹೋಗಿ ಬಂದಿದಾರೆ," ಎಂದರು ಗಂಡ.

ಸಂಘದ ಸಭೆ ಕೆಳಗಿನ ಹಜಾರದಲ್ಲಿ, ಕೆಟ್ಟ ಲಿಫ್ಟಿನ ಮುಂದೆ ಸೇರಿತು. ಅಧ್ಯಕ್ಷರು ವಿಷಯ ಮಂಡಿಸಿದರು. ಆಮೇಲೆ ತಫೀದಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಐದು ಯಂತ್ರ ಅಂದ್ರೆ ಐದು ಜನ."

"ಯಂತ್ರ ಅಂತ ಅಷ್ಟೇ ಹೇಳಿದ್ದು ಅತ್ತಿಗೆ," ಎಂದೆ.

"ಯಂತ್ರ ತಾನಾಗಿ ಮೆಟ್ಟಿಲು ಹತ್ತತ್ತಾ? ಹಿಡ್ಕೊಂಡು ಬರೋ ಕೈ ಬೇಕಲ್ಲ. ಗಂಡಸರ ಕೈಯೋ ಹೆಂಗಸರದೋ ಅಂತ ನಾನು ಹೇಳಲ್ಲ. ನನ್ನ ಬಾಯಲ್ಲಿ ಅಂಥ ಮಾತು ಬರಲ್ಲ." ಅವರು ಉಸಿರು ತೆಗೆದುಕೊಂಡರು. "ಗಂಡಸರದೇ."

"ಏನಪ್ಪಾ ಗಾಬರ್, ಯಾರಾದ್ರೂ ಹೋಗಿದ್ದು ನೋಡಿದೀಯಾ?" ಎಂದರು ನನ್ನ ಗಂಡ.

ಗಾಬರ್ ನನ್ನ ಮುಖ ನೋಡಿದ, ಚಾವಣಿ ನೋಡಿದ. "ನಾನು ಯಾರನ್ನೂ ನೋಡಿಲ್ಲ ಎಂಜಿನಿಯರ್ ಸಾಹೇಬ್ರೇ. ಹೊದಿಕೆ ಸುತ್ಕೊಂಡಿದ್ರೆ ಹೇಗೆ ಗೊತ್ತಾಗ್ಬೇಕು?"

ಆಮೇಲೆ ಸಭೆಯನ್ನು ಹಿಡಿಯುವುದು ಯಾರಿಂದಲೂ ಆಗಲಿಲ್ಲ. ಹೊದಿಕೆ ಸುತ್ತಿಕೊಂಡ ಐವರು ಗಂಡಸರು ಐದನೇ ಮಹಡಿಯಲ್ಲಿದ್ದಾರೆ ಎಂದು ತೀರ್ಮಾನವಾಯಿತು. ಶುಕ್ರವಾರದೊಳಗೆ ಟೀಚರು ವಿವರಣೆ ಕೊಡದಿದ್ದರೆ ಮನೆಯ ಮಾಲೀಕನಿಗೆ ತಿಳಿಸುವುದೆಂದು ನಿರ್ಣಯ. ಟೀಚರದು ಹಳೆಯ ಕಾಲದ ಬಾಡಿಗೆ. ಅವರನ್ನು ಬಿಡಿಸಲು ಮಾಲೀಕ ನೆಪ ಹುಡುಕುತ್ತಿದ್ದಾನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೈ ಎತ್ತಿದರು. ನಾನು ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಳ್ಳಲು ಕೈ ಎತ್ತಿದೆ, ಅದನ್ನೂ ಎಣಿಸಿಕೊಂಡರು.

ನಾನು ಮೇಲೆ ಹೋದಾಗ ಇನ್ಸಾಫ್ ಟೀಚರು ಟೀವಿಯ ಮುಂದೆ ಕಾಲು ಚಾಚಿ ಕೂತಿದ್ದರು. ಕಸ ಗುಡಿಸುವ ಯಂತ್ರ ಅವರ ಚಪ್ಪಲಿಯನ್ನು ಸುತ್ತು ಹಾಕುತ್ತಿತ್ತು.

"ಐವರಂತೆ ನಜ್ವಾ. ಬೆಳಿಗ್ಗೆ ಮೂವರಿದ್ರು."

"ಟೀಚರೇ, ನಗೋ ವಿಷ್ಯ ಅಲ್ಲ."

"ಜೀವನವಿಡೀ ಭೂಗೋಳ ಕಲಿಸ್ದೆ, ಯಾರೂ ತಿರುಗಿ ನೋಡ್ಲಿಲ್ಲ. ಈಗ ಮೆಟ್ಟಿಲಿಳಿದ್ರೆ ಒಂದೊಂದು ಬಾಗಿಲೂ ತೆರ್ಕೊಳ್ಳತ್ತೆ. ಐವರನ್ನ ಸಾಕೋ ಶಕ್ತಿ ಇದೆ ಅಂದ್ಕೊಂಡಿದಾರಲ್ಲ, ಅವರ ಬಾಯಿಗೆ ಸಕ್ಕರೆ ಹಾಕ್ಬೇಕು."

ಆಮೇಲೆ ಅವರು ಬಾಲ್ಕನಿಯ ಕಡೆ ನೋಡಿದರು. ಅವರು ದಿನವೂ ಹಗ್ಗ ಕಟ್ಟಿ ಕೆಳಗಿಳಿಸುವ ಬುಟ್ಟಿ ನೆಲದ ಮೇಲಿತ್ತು. "ತರಕಾರಿಯವನು ಇವತ್ತು ಬುಟ್ಟಿ ಖಾಲಿ ಕಳಿಸ್ದ. ಕೂಗಿದ್ರೆ ಕೇಳಿಸ್ದೇ ಇರೋ ಹಾಗೆ ನಿಂತಿದ್ದ."

"ನಾನು ಎಲ್ಲರಿಗೂ ಹೇಳ್ಬಿಡ್ತೀನಿ."

"ತಫೀದಾಗೆ? ಹಾಗ್ಗಾ ದಿನ ಗೊತ್ತುಮಾಡೋಕೆ ಬರೋ ವಾರದಲ್ಲಿ? ಸುಮ್ನಿರು. ದಿನ ಗೊತ್ತಾಗ್ಲಿ, ಆಮೇಲೆ ನೋಡೋಣ. ಆಣೆ ಮಾಡಿದೋಳು ನಾನು, ನೀನಲ್ಲ." ಯಂತ್ರ ಗೋಡೆಗೆ ಡಿಕ್ಕಿ ಹೊಡೆದು ಹಿಂದೆ ಬಂತು. ಟೀಚರು ಅದನ್ನು ಕಾಲಿನಿಂದ ಮೆಲ್ಲಗೆ ದಾರಿಗೆ ತಂದರು.

ನಾನು ಸುಮ್ಮನಿದ್ದೆ.

ಶುಕ್ರವಾರದ ನಮಾಜು ಮುಗಿಸಿಕೊಂಡು ಹಾಗ್ಗಾ ಸನಿಯ್ಯಾ ಬಂದರು. ತಫೀದಾ ಎಂದಿನಂತೆ ಬಾಗಿಲು ಬಡಿಯದೆ ಬಂದು ಕೂತಿದ್ದರು. ಬಾತುಕೋಳಿ ಹುರಿದಿದ್ದೆ, ದ್ರಾಕ್ಷಿ ಎಲೆಗೆ ಅನ್ನ ತುಂಬಿ ಸುತ್ತಿದ್ದೆ, ಮಕರೋನಿ ಬೇಯಿಸಿದ್ದೆ. ನನ್ನ ಗಂಡ ಬಾತುಕೋಳಿಯ ಪಕ್ಕದಲ್ಲಿ ಲ್ಯಾಪ್‌ಟಾಪು ಇಟ್ಟರು.

"ಹಾಗ್ಗಾ, ಒಂದ್ನಿಮಿಷ. ನಿಮ್ಮ ಫೋನು ಈಗ ಎಲ್ಲಿದೆ ಅಂತ ಹೇಳ್ಲಾ? ಎರಡನೇ ಮಹಡಿ."

"ನಾನೂ ಎರಡನೇ ಮಹಡೀಲೇ ಇದೀನಲ್ಲ."

"ಅದೇ ಹೇಳಿದ್ದು. ಎಷ್ಟು ಸರಿಯಾಗಿ ತೋರಿಸ್ತಿದೆ ನೋಡಿ."

ಹಾಗ್ಗಾ ನನ್ನ ಕಡೆ ನೋಡಿದರು. ನಾನು ಅವರ ತಟ್ಟೆಗೆ ಇನ್ನೊಂದು ತುಂಡು ಬಾತುಕೋಳಿ ಹಾಕಿದೆ. ದಿನ ಗೊತ್ತುಮಾಡುವ ಮಾತನ್ನು ನಾನು ನಾಲಿಗೆಯ ತುದಿಗೆ ತಂದುಕೊಂಡಿದ್ದೆ. ಅಷ್ಟರಲ್ಲಿ ಲ್ಯಾಪ್‌ಟಾಪು ಟಿಂಗ್ ಎಂದಿತು.

"ಐದೂ ಇದಾವೆ," ಎಂದರು ನನ್ನ ಗಂಡ. "ಐದೂ ಒಳಗಿದಾವೆ ಅಕ್ಕಾ."

ತಫೀದಾ ಆಗಲೇ ಎದ್ದಿದ್ದರು. "ಹಾಗಾದ್ರೆ ಈಗಲೇ."

"ಯಾರು ಐದು?" ಎಂದರು ಹಾಗ್ಗಾ.

ತಫೀದಾ ಹೇಳಿದರು. ನನ್ನ ಬಾಯಲ್ಲಿ ಅಂಥ ಮಾತು ಬರಲ್ಲ ಎಂದು ಹೇಳುತ್ತ ಎಲ್ಲವನ್ನೂ ಹೇಳಿದರು. ಹಾಗ್ಗಾ ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿದರು. "ನನ್ನ ಮಗ ಹೆಣ್ಣು ತರೋ ಮನೆ ತಲೆ ಮೇಲೆ ಇಂಥದ್ದಿದೆಯಾ? ನಾನು ಕಣ್ಣಾರೆ ನೋಡ್ದೆ ಈ ಮನೇಲಿ ಇನ್ನೊಂದು ತುತ್ತು ತಿನ್ನಲ್ಲ."

"ಹಾಗ್ಗಾ, ಲಿಫ್ಟು ಇಲ್ಲ, ನಿಮ್ಮ ಮಂಡಿ," ಎಂದೆ.

"ಹಜ್ಜಿನಲ್ಲಿ ಸಫಾ ಗುಡ್ಡದಿಂದ ಮರ್ವಾಕ್ಕೆ, ಮರ್ವಾದಿಂದ ಸಫಾಕ್ಕೆ ನಡೆದ ಮಂಡಿ ಇದು. ನಡಿ."

ಅಧ್ಯಕ್ಷರು ಬರಲಿಲ್ಲ. ಸೇನಾಪತಿಗಳು ಮುಂದಿನ ಸಾಲಿನಲ್ಲಿ ಇರುವುದಿಲ್ಲವಷ್ಟೆ. "ನಾನು ಇಲ್ಲಿಂದ ಹಿಡಿದಿಟ್ಕೋತೀನಿ. ಅಕ್ಕಾ, ಫೋನು ಹಾಕ್ಕೊಂಡೇ ಇರು. ಬಾಗಿಲು ತೆಗೆದ ಕೂಡ್ಲೇ ಐದನ್ನೂ ಕತ್ತರಿಸ್ತೀನಿ, ಯಾರಿಗೂ ಫೋನ್ ಮಾಡಿ ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದು ಕೆಂಪು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತರು.

ಮೆಟ್ಟಿಲಲ್ಲಿ ಮೆರವಣಿಗೆ ಬೆಳೆಯುತ್ತ ಹೋಯಿತು. ಡಾಕ್ಟರ್ ವಜ್ದಿ ಸೇರಿಕೊಂಡರು. ಇಂಥ ದಿನವನ್ನು ತಪ್ಪಿಸಿಕೊಳ್ಳಲಾರದೆ ಗಿಲಾನ್ ತಲ್ಖಾದಿಂದ ಬಂದಿದ್ದಳು. ಗಂಡನಿಂದ ಎರಡು ಮೆಟ್ಟಿಲು ದೂರದಲ್ಲಿ ಹತ್ತಿದಳು. ಗಾಬರ್ ಎಲ್ಲರಿಗಿಂತ ಹಿಂದೆ, ಓಡಿಹೋಗಲು ಅನುಕೂಲವಾಗುವಂತೆ ಬಂದ.

ತಫೀದಾ ಬಾಗಿಲು ಬಡಿದರು. ಇನ್ಸಾಫ್ ಟೀಚರು ಅರ್ಧ ತೆರೆದು, ಎರಡೂ ಕೈ ಚೌಕಟ್ಟಿಗೆ ಒತ್ತಿ ನಿಂತರು. ಒಳಗೆ ಏನೋ ಗುರ್ ಎಂದು ತಿರುಗುತ್ತಿತ್ತು.

"ಯಾರಿದಾರೆ ಒಳಗೆ?"

"ಯಾರೂ ಇಲ್ಲ."

"ಹಾಗಾದ್ರೆ ತೋರ್ಸು."

"ತೋರಿಸಲ್ಲ."

"ಮಾಲೀಕನಿಗೆ ಫೋನ್ ಮಾಡ್ಲಾ?"

ಟೀಚರು ಚೌಕಟ್ಟು ಬಿಡಲಿಲ್ಲ. ನನ್ನ ಕಡೆ ನೋಡಲಿಲ್ಲ ಕೂಡ. ನೋಡಿದರೆ ನನ್ನ ಗುಟ್ಟು ಬಯಲಾದೀತೆಂದು ತಫೀದಾರ ಭುಜದಾಚೆಯ ಗ್ಯಾಸ್ ಪೈಪನ್ನೇ ನೋಡುತ್ತಿದ್ದರು. ಅವರ ಹಳೆಯ ಮನೆ, ಅವರ ಬುಟ್ಟಿ, ಕೂಗಿದರೆ ಕೇಳಿಸದ ತರಕಾರಿಯವನು. ನನ್ನ ಮಗಳ ಮದುವೆ. ಎರಡನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಲು ನನಗೆ ಇನ್ನಾಗಲಿಲ್ಲ.

"ದಾರಿ ಬಿಡಿ ಟೀಚರೇ," ಎಂದೆ. "ಒಳಗಿರೋದು ನಮ್ಮದು. ರಬಾಬಳ ಮದುವೆ ಸಾಮಾನು. ನಾನೇ ಇಟ್ಟಿದ್ದು."

ಒಳಗೆ ಹೋಗಿ, ಬಾಗಿಲು ಬಡಿದಾಗ ಟೀಚರು ಅವಸರದಲ್ಲಿ ಹೊದಿಸಿದ್ದ ಹೊದಿಕೆಗಳನ್ನು ನಾನೇ ಎಳೆದೆ. ಫ್ರಿಜ್ಜು ಬೆಳ್ಳಗೆ ಎದ್ದು ನಿಂತಿತು. ಬಟ್ಟೆ ಯಂತ್ರದ ಗಾಜಿನೊಳಗೆ ಟೀಚರ ಹೂವಿನ ಅಂಗಿ ತಿರುಗುತ್ತಿತ್ತು. ಟೀವಿಯಲ್ಲಿ ಯಾರೋ ಅಳುತ್ತಿದ್ದರು. ಕರಿಯುವ ಯಂತ್ರದಿಂದ ಮೀನಿನ ವಾಸನೆ. ದುಂಡು ಯಂತ್ರ ಹಾಗ್ಗಾರ ಪಾದದ ಬಳಿ ಬಂದು, ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು. ಐದರ ಮೇಲೂ ಸಣ್ಣ ಹಸಿರು ದೀಪ.

"ಮಾಶಾಅಲ್ಲಾ," ಎಂದಳು ಗಿಲಾನ್.

"ಮಾಶಾಅಲ್ಲಾ," ಎಂದ ಗಾಬರ್, ಮೊದಲ ಸಲ ನೋಡಿದವನಂತೆ.

ಹಾಗ್ಗಾ ಫ್ರಿಜ್ಜಿನ ಬಾಗಿಲನ್ನು ತೆಗೆದು, ಮುಚ್ಚಿ, ಮತ್ತೆ ತೆಗೆದು, ಮೊಲೊಖಿಯಾವನ್ನು ಮೂಸಿ ನೋಡಿ, "ಮಾಶಾಅಲ್ಲಾ, ಮಾಶಾಅಲ್ಲಾ," ಎಂದರು. ಮುಖದ ಗಂಟು ಸಡಿಲವಾಗಿತ್ತು.

ಆಮೇಲೆ ಎಲ್ಲರೂ ತಫೀದಾರ ಕಡೆ ತಿರುಗಿದರು. ಅವರು ಕೋಣೆಯ ನಡುವೆ ನಿಂತು ಒಂದೊಂದನ್ನೂ ಮೇಲಿಂದ ಕೆಳಗೆ ನೋಡುತ್ತಿದ್ದರು. ಫೋನು ಹಿಡಿದ ಕೈ ಮರೆತು ಕೆಳಗೆ ಜೋತುಬಿದ್ದಿತ್ತು.

"ಎಂಥಾ ಫ್ರಿಜ್ಜು ನಜ್ವಾ," ಎಂದರು. "ಇದರೊಳಗೆ ಒಂದು ಸಂಸಾರ ಬಾಡಿಗೆಗಿರಬಹುದು. ನನ್ನ ಹೆಣ್ಮಕ್ಕಳಿಗೆ ಇದರ ಅರ್ಧ ಕೊಡೋಕೂ ಆಗ್ಲಿಲ್ಲ ನೋಡು."

ನಾವು ಕಾದೆವು. ಆ ಒಂದು ಮಾತಿಗಾಗಿ ಇಡೀ ಕೋಣೆ ಉಸಿರು ಹಿಡಿದು ಕಾಯಿತು. ತಫೀದಾ ತುಟಿ ಒದ್ದೆ ಮಾಡಿಕೊಂಡು, "ಎಂಥಾ ಫ್ರಿಜ್ಜು," ಎಂದು ಇನ್ನೊಮ್ಮೆ ಹೇಳಿದರು.

ಅವರ ಪಕ್ಕದಲ್ಲೇ ನಿಂತಿದ್ದ ನನಗೆ ಮಾತ್ರ, ಜೋತುಬಿದ್ದ ಫೋನಿನೊಳಗಿಂದ ಇರುವೆಯಷ್ಟು ಸಣ್ಣ ದನಿ ಕೇಳಿಸಿತು: "ಅಕ್ಕಾ? ಸಿಕ್ರಾ? ಕತ್ತರಿಸ್ಲಾ? ಸರಿ, ಕತ್ತರಿಸ್ದೆ."

ಐದು ಹಸಿರು ದೀಪಗಳೂ ಒಟ್ಟಿಗೆ ಕೆಂಪಾಗಿ ಮಿನುಗತೊಡಗಿದವು. ಟೀವಿಯಲ್ಲಿ ಅಳುತ್ತಿದ್ದವಳು ಬಾಯಿ ತೆರೆದ ಹಾಗೇ ನಿಂತುಹೋದಳು. ಫ್ರಿಜ್ಜು ಕೀ ಕೀ ಎಂದಿತು. ದುಂಡು ಯಂತ್ರ ನಡುಕೋಣೆಯಲ್ಲಿ ನಿಂತು, ಯಾರಿಗೂ ತಿಳಿಯದ ಭಾಷೆಯಲ್ಲಿ ಒಬ್ಬ ಹೆಂಗಸಿನ ದನಿಯಿಂದ ಏನೋ ನಿಧಾನವಾಗಿ ಹೇಳಿತು.

ಗಾಬರ್ ಮೆಟ್ಟಿಲಿಳಿಯುವ ಸದ್ದು ಕೆಳಗಿನ ತನಕ ಕೇಳಿಸಿತು.

"ಅದು ನೆಟ್ ಹೋಗಿದೆ ಅಷ್ಟೆ," ಎಂದರು ಡಾಕ್ಟರ್ ವಜ್ದಿ. "ಸಂಪರ್ಕ ಕತ್ತರಿಸಿದ್ರೆ ದೀಪ ಕೆಂಪಾಗತ್ತೆ. ಯಂತ್ರಕ್ಕೆ ಏನೂ ಆಗಿಲ್ಲ."

"ನೀವು ಸುಮ್ನಿರಿ," ಎಂದಳು ಗಿಲಾನ್. "ನಿಮ್ಮ ಫೋನಿನ ಲೆಕ್ಕ ಇನ್ನೂ ಮುಗ್ದಿಲ್ಲ."

ತಫೀದಾ ಬಿಳಿಚಿಕೊಂಡಿದ್ದರು. ತಮ್ಮ ಎರಡು ಕಣ್ಣನ್ನೂ ಅಂಗೈಯಿಂದ ಮುಚ್ಚಿಕೊಂಡು, ಗೋಡೆ ತಡವುತ್ತ ಹೊರಗೆ ಹೋದರು. ಹಾಗ್ಗಾ ಸನಿಯ್ಯಾ ಫ್ರಿಜ್ಜಿಗೆ ಬೆನ್ನು ಕೊಟ್ಟು, ಮಗುವನ್ನು ಕಾಯುವವರಂತೆ ನಿಂತಿದ್ದರು.

"ಉಮ್ಮ್ ರಬಾಬ್," ಎಂದು ನನ್ನನ್ನು ಮಗಳ ಹೆಸರು ಹಿಡಿದು, ರಬಾಬಳ ತಾಯಿಯೆಂದು ಕರೆದರು. "ಆ ಹೆಂಗಸು ನಿಮ್ಮ ಕೆಳಗಿನ ಮನೇಲೇ ಇದಾಳಾ?"

"ಹೌದು ಹಾಗ್ಗಾ."

"ಹಾಗಾದ್ರೆ ಈ ಸಾಮಾನು ಈ ಕಟ್ಟಡದಲ್ಲಿ ಇನ್ನು ಇರ್ಬಾರ್ದು. ಹುಡುಗೀನೂ ಇರ್ಬಾರ್ದು. ಬರೋ ಗುರುವಾರ ಮದುವೆ."

"ಬಣ್ಣ ಒಣಗಿಲ್ಲ ಅಂದಿದ್ರಿ."

"ಫ್ಯಾನ್ ಹಾಕಿ ಒಣಗಿಸ್ತೀವಿ."

ನಾನು ಬಾಯಿ ತೆರೆದೆ. ಡಾಕ್ಟರು ಹೇಳಿದ್ದು ನಿಜ ಎನ್ನಲು ತೆರೆದಿದ್ದೆ. ಅದರಿಂದ ಬಂದಿದ್ದು "ನೀವು ಹೇಳಿದ ಹಾಗೇ ಆಗ್ಲಿ" ಎಂಬ ಮಾತು.

ಕೆಳಗೆ ಬಂದಾಗ ಅಧ್ಯಕ್ಷರು ಇನ್ನೂ ಗುಂಡಿಯ ಮೇಲೆ ಬೆರಳಿಟ್ಟುಕೊಂಡಿದ್ದರು. "ಸಿಕ್ರಾ?"

"ಸಿಕ್ರು. ಒಬ್ಬ ಬಟ್ಟೆ ಒಗೀತಿದ್ದ, ಒಬ್ಬ ಕಸ ಗುಡಿಸ್ತಿದ್ದ, ಒಬ್ಬ ಮೀನು ಕರೀತಿದ್ದ."

"ಗಂಡಸರಾ?"

"ಗಂಡಸರು ಈ ಕೆಲಸ ಮಾಡಿದ್ದನ್ನ ಎಲ್ಲಾದ್ರೂ ನೋಡಿದೀರಾ?" ಎಂದು ಎಲ್ಲವನ್ನೂ ಹೇಳಿದೆ. "ಈಗ ಬಿಡಿಸಿ."

"ಹಾಗೆಲ್ಲ ಬಿಡಿಸೋಕಾಗಲ್ಲ. ಅಪರಿಚಿತ ಯಂತ್ರ ಅಂದ್ರೆ ಅದರ ಮಾಲೀಕರು ಖುದ್ದಾಗಿ ಬಂದು ಅಧ್ಯಕ್ಷರನ್ನ ಕಾಣ್ಬೇಕು."

"ಮಾಲೀಕರು ಕನ್ನಡೀಲಿ ಸಿಗ್ತಾರೆ. ಹೋಗಿ ಕಾಣಿ."

ಅವರು ಗುಂಡಿಯ ಮೇಲಿಂದ ಬೆರಳು ತೆಗೆದರು. "ನಂಗ್ಯಾಕೆ ಹೇಳ್ಲಿಲ್ಲ ನಜ್ವಾ?"

"ಹೇಳಿದ್ರೆ ಯಾರಿಗೆ ಹೇಳ್ತಿದ್ರಿ?"

ಅವರು ಪ್ರಾಮಾಣಿಕರು. ಯೋಚಿಸಿದರು. ತಲೆ ತಗ್ಗಿಸಿ ಒಂದೊಂದೇ ಹುಟ್ಟುನಂಬರಿನ ಪಕ್ಕದಲ್ಲಿ ಮಗಳ ಹೆಸರು ತುಂಬಿದರು. ಐದನೆಯದಕ್ಕೆ ಬರುವಾಗ ಅವರ ಮುಖ ಮೆಲ್ಲಗೆ ಅರಳಿತು. "ಆದ್ರೆ ಐದನೇ ಮಹಡಿ ಅಂತ ಸರಿಯಾಗೇ ತೋರಿಸ್ತಲ್ಲ?"

ಇನ್ಸಾಫ್ ಟೀಚರ ಹತ್ತಿರ ಯಾರೂ ಕ್ಷಮೆ ಕೇಳಲಿಲ್ಲ. ಬಟ್ಟೆ ಯಂತ್ರಕ್ಕೆ ಯಾವ ಪುಡಿ ಹಾಕಬೇಕೆಂದು ಗಿಲಾನ್ ಬಂದು ಕೇಳಿಹೋದಳಂತೆ. ಅದನ್ನೇ ಕ್ಷಮೆಯೆಂದು ಇಟ್ಟುಕೊಂಡರು. ತರಕಾರಿಯವನು ಬುಟ್ಟಿಗೆ ಟೊಮೆಟೊ ಹಾಕಿದ. ಲಾರಿ ಬಂದು ಸಾಮಾನು ಹೊತ್ತೊಯ್ದ ದಿನ ಟೀಚರು ಬಾಲ್ಕನಿಯಲ್ಲಿ ನಿಂತು, ಮಗಳನ್ನು ಕಳಿಸುವಾಗ ನಾನೂ ಅಳದ ಹಾಗೆ ಅತ್ತರು. ಕಟ್ಟಡದ ಕೋಟಾ ಆ ತಿಂಗಳೂ ನಡುವೆಯೇ ಮುಗಿಯಿತು.

ಉಳಿದವರು ತಫೀದಾ. ಮದುವೆಗೆ ಕರೆದರೂ ಅವರು ಬರಲಿಲ್ಲ. ಕಿಟಕಿಯನ್ನೂ ತೆರೆಯುತ್ತಿಲ್ಲ ಎಂದು ಗಾಬರ್ ಹೇಳಿದ. ಎಷ್ಟೆಂದರೂ ನನಗೆ ಆ ಸಣ್ಣ ದನಿ ಕೇಳಿಸಿತ್ತು. ಒಂದು ಮಾತು ಹೇಳಿದ್ದರೆ ಅವರ ಮೇಲಿನ ಅಪವಾದ ಹೋಗುತ್ತಿತ್ತು. ರವೆಯ ಸಿಹಿ ಬಸ್ಬೂಸಾ ಮಾಡಿ, ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿದೆ.

ಅವರ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಶಾವಿಗೆಯ ಸಿಹಿ ಕುನಾಫಾ, ಖರ್ಜೂರದ ಬಿಸ್ಕತ್ತು, ಒಂದಿಡೀ ಹುರಿದ ಕೋಳಿ. ಹೊಸ ಕಾರು ಕೊಂಡವರು, ಹೊಸ ಮೊಮ್ಮಗು ಬಂದವರು, ಎಲ್ಲರೂ ಅವರ ಕಣ್ಣು ಬೀಳದಿರಲೆಂದು ಮುಂಚಿತವಾಗಿ ಕಳಿಸಿದ್ದರು. ತಫೀದಾ ನಡುವೆ ದಿಂಬಿಗೆ ಒರಗಿ ಕೂತಿದ್ದರು. ಬಿಳಿಚಿಕೊಂಡಿರಲಿಲ್ಲ.

"ಅತ್ತಿಗೆ, ಒಂದು ವಿಷ್ಯ ಹೇಳೋಕೆ ಬಂದೆ. ಆವತ್ತು ದೀಪ ಕೆಂಪಾಗಿದ್ದು ನಿಮ್ಮ ಕಣ್ಣಿಂದ ಅಲ್ಲ. ಕೆಳಗೆ ನಿಮ್ಮ ತಮ್ಮ ಗುಂಡಿ ಒತ್ತಿದ್ರು, ಅದಕ್ಕೆ. ನಾನೇ ಕೇಳಿಸ್ಕೊಂಡೆ."

ಅವರು ಕುನಾಫಾ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ಕನಿಕರದಿಂದ ನೋಡಿದರು.

"ಬಹ್ಗತ್ತಾ? ಅವನು ಒತ್ತಿದ ಲಿಫ್ಟಿನ ಗುಂಡೀನೇ ಇನ್ನೂ ಕೆಲಸ ಮಾಡಿಲ್ಲ."

ತಟ್ಟೆಯನ್ನು ಕೋಳಿಯ ಪಕ್ಕದಲ್ಲಿ ಸರಿಸಿಟ್ಟು, ಹೊರಡಲು ತಿರುಗಿದೆ.

"ನಜ್ವಾ," ಎಂದರು ಹಿಂದಿನಿಂದ. "ಮಗಳ ಮದುವೆ ಆದ್ಮೇಲೆ ನಿನ್ನ ಮುಖದಲ್ಲಿ ಏನು ಕಳೆ ಬಂದಿದೆಯೇ. ಹತ್ತು ವರ್ಷ ಚಿಕ್ಕೋಳ ಹಾಗೆ ಕಾಣ್ತೀಯ."

ಅವರು ಬಸ್ಬೂಸಾದ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡರು. ಕಾಲೇಜಿನಲ್ಲಿ ಓದಿದ ನಾನು, ಬಾಗಿಲ ಚಿಲಕ ಹಿಡಿದುಕೊಂಡು, ಅವರು ಅದನ್ನು ನುಂಗಿ ಆ ಇನ್ನೊಂದು ಮಾತು ಹೇಳಲಿ ಎಂದು ಹೊಸ್ತಿಲಲ್ಲೇ ಕಾಯುತ್ತ ನಿಂತೆ.